ಮಡಿವಾಳಯ್ಯನವರು ಒಪ್ಪಿಕೊಂಡರು

ಸೇಡಂ ಬಜಾರಿನಲ್ಲಿ ಮಡಿವಾಳಯ್ಯನವರ ಜೊತೆ ಜಗಳ ತೆಗೆಯಲು ಯಾರೂ ಹೆದರುತ್ತಿರಲಿಲ್ಲ. ಎಲ್ಲಿ ಅವರು ತಮ್ಮ ಮಾತನ್ನು ಒಪ್ಪಿಕೊಂಡುಬಿಡುತ್ತಾರೋ ಎಂದು ಹೆದರುತ್ತಿದ್ದರು. ಅವರು "ಖರೇ ಅದ ನೋಡ್ರಿ" ಎಂದು ತಲೆಯಾಡಿಸಿದರೆ ಮುಗಿಯಿತು. ಆಡಿದವನು ತನ್ನ ಮಾತನ್ನು ತಾನೇ ತಲೆಯ ಮೇಲೆ ಹೊತ್ತು ಬಜಾರೆಲ್ಲ ತಿರುಗಬೇಕಾಗುತ್ತಿತ್ತು.

ಒಮ್ಮೆ ಯಾವುದೋ ಕಚೇರಿಯ ಸಾಹೇಬರು ಹೆಂಡತಿಗೆ ರಿಬ್ಬನ್ ಕೊಳ್ಳಲು ಬಂದವರು, ಅಂಗಡಿಯ ಬಾಗಿಲು ದಕ್ಷಿಣಕ್ಕಿದೆ, ಇಂಥ ಬಾಗಿಲಲ್ಲಿ ಲಕ್ಷ್ಮಿ ಕಾಲಿಡುವುದಿಲ್ಲ ಎಂದು ಪುಕ್ಕಟೆ ಉಪದೇಶ ಮಾಡಿದರು. ಮಡಿವಾಳಯ್ಯ ಒಪ್ಪಿಕೊಂಡರು. ಸಾಹೇಬರ ಕೈ ಹಿಡಿದು ಹೊರಗೆ ಕರೆತಂದು, ಓಣಿ ಬಳಸಿ, ಪಕ್ಕದ ಗೋಡೆಯ ಕಿಟಕಿಯ ಕೆಳಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ತಾವು ಒಳಗೆ ಹೋಗಿ ಕಿಟಕಿಯ ಸರಳುಗಳ ನಡುವಿನಿಂದ ಒಂದೊಂದೇ ರಿಬ್ಬನ್ ಬಿಚ್ಚಿ ತೋರಿಸತೊಡಗಿದರು. ಸಾಹೇಬರು ನಿಂತ ಜಾಗದಲ್ಲಿ ಗಟಾರವಿತ್ತು. ಅವರು ಸಾಕೆಂದರೂ ಬಿಡದೆ ಮಡಿವಾಳಯ್ಯ, ದಿಕ್ಕು ಭಾಳ ಛಲೋ ಅದರಿ, ಇನ್ನೂ ನಾಲ್ಕು ಬಣ್ಣ ನೋಡ್ರಿ ಎನ್ನುತ್ತಿದ್ದರಂತೆ.

ಮಡಿವಾಳಯ್ಯ ಜಂಗಮರ ಮನೆಯವರು. ಬೆಳಗ್ಗೆ ಲಿಂಗಪೂಜೆ, ಹಣೆಗೆ ಮೂರು ಬೆರಳು ವಿಭೂತಿ, ಆಮೇಲೆ ಶಟರ್. ಅವರದು ಕಟ್ಲರಿ ಅಂಗಡಿ: ಪಿನ್ನು, ಟಿಕಳಿ, ದಾರ, ಸೀರೆಯ ಫಾಲು, ಬಳೆಯ ಡಬ್ಬಿಗಳು. ಎಲ್ಲರೂ ಕೂಡಿ ಬಾಳೋಣ ಎಂದು ಮೈಕಿನಲ್ಲಿ ಹೇಳುವ ಜಾತಿಯವರಲ್ಲ ಅವರು. ಗಿರಾಕಿಯ ಹಣೆ ನೋಡುವ ಅಭ್ಯಾಸ ಅವರಿಗಿರಲಿಲ್ಲ, ನೋಡುತ್ತಿದ್ದದ್ದು ಗಿರಾಕಿಯ ಕೈ. ಅದು ಚೀಲದೊಳಗೆ ಹೋಗುತ್ತದೆಯೋ, ಸುಮ್ಮನೆ ಮಾಲು ಮುಟ್ಟಿ ನೋಡಿ ಹಿಂದೆ ಸರಿಯುತ್ತದೆಯೋ ಅಷ್ಟೇ ಅವರ ಅಧ್ಯಾತ್ಮ.

ಆ ಕೈಗಳನ್ನು ಅಂಗಡಿಯ ತನಕ ಎಳೆದು ತರುತ್ತಿದ್ದವಳು ಜಬೀನಾ. ಅಂಗಡಿಯ ಮುಂದೆ ಶಹಾಬಾದ ಫರಸಿಗಲ್ಲಿನ ಒಂದು ಕಟ್ಟೆ. ಅದರ ಮೇಲೆ ಮೊದಲು ಜಬೀನಾಳ ತಾಯಿ ಕೂತು ಹೆಂಗಸರ ಕೈಗೆ ಬಳೆ ಇಡುತ್ತಿದ್ದಳು. ಅವಳು ತೀರಿದ ಮೇಲೆ ಅದೇ ಚಾಪೆಯ ಮೇಲೆ ಮಗಳು ಕೂತಳು. ಬಳೆ ಅಯ್ಯನವರದು, ಇಡುವ ಕೈ ಅವಳದು. ಗಾಜಿನ ಬಳೆಯನ್ನು ಗೆಣ್ಣು ದಾಟಿಸುವಾಗ ಎಂಥ ಹೆಂಗಸಾದರೂ ನೋವಿಗೆ ಮುಖ ಮೇಲೆತ್ತುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಜಬೀನಾ ಅವಳ ಅತ್ತೆಯ ಸುದ್ದಿ ಕೇಳುತ್ತಿದ್ದಳು. ಅತ್ತೆಯ ಮೇಲಿನ ಸಿಟ್ಟಿನಲ್ಲಿ ಕೈ ಸಡಿಲಾಗಿ ಬಳೆ ಒಳಗೆ ಹೋಗಿಬಿಡುತ್ತಿತ್ತು. ಮದುವೆ ಇರಲಿ, ಬಸುರಿಯ ಸೀಮಂತದ ಕುಬಸವಿರಲಿ, ಹಸಿರು ಬಳೆ ಇಡಲು ಜಬೀನಾಳೇ ಮನೆಗೆ ಬರಬೇಕು. ಇಡಿಸಿಕೊಂಡವಳು ಎದ್ದು ಅವಳ ಕಾಲಿಗೆ ನಮಸ್ಕಾರ ಮಾಡಬೇಕು, ಅವಳು ಹರಸಬೇಕು, ಮನೆಯವರು ಅವಳ ಉಡಿಗೆ ಅಕ್ಕಿ ಹಾಕಬೇಕು. ಇದನ್ನು ಯಾವ ಪುಸ್ತಕದಲ್ಲೂ ಯಾರೂ ಬರೆದಿಟ್ಟಿಲ್ಲ. ಬರೆದಿದ್ದರೆ ಇಷ್ಟು ದಿನ ಉಳಿಯುತ್ತಿರಲಿಲ್ಲ.

ಅವಳ ಗಂಡ ಅಮೀರ್ ಅಲಿ ಶಹಾಬಾದದ ಕಲ್ಲಿನ ಯಾರ್ಡುಗಳಲ್ಲಿ ಪಾಲಿಶ್ ಮಾಡುತ್ತ ಧೂಳು ನುಂಗಿ ನುಂಗಿ ಮನೆ ಹಿಡಿದಿದ್ದ. ಮೆಟ್ಟಿಲು ಹತ್ತಿದರೆ ಕೆಮ್ಮು, ಇಳಿದರೆ ಕೆಮ್ಮು. ಮನೆ ನಡೆಯುತ್ತಿದ್ದದ್ದು ಕಟ್ಟೆಯಿಂದ, ಅದರಲ್ಲೂ ಶ್ರಾವಣದ ಒಂದು ತಿಂಗಳಿಂದ. ಶ್ರಾವಣದಲ್ಲಿ ಕೂತವಳಿಗೆ ವರ್ಷದ ಜೋಳ. ಕೂರದವಳಿಗೆ ಆ ಕಟ್ಟೆಯೂ ಇಲ್ಲ, ಏಕೆಂದರೆ ಬಜಾರಿನಲ್ಲಿ ಖಾಲಿ ಬಿದ್ದ ಜಾಗ ಯಾರನ್ನೂ ಕಾಯುತ್ತ ಕೂರುವುದಿಲ್ಲ.

ಈ ವರ್ಷ ಶ್ರಾವಣ ಇನ್ನೂ ಆಷಾಢದ ಹಿಂದೆ ಇರುವಾಗಲೇ ಸಂತೋಷಕುಮಾರ ಬಂದ. ನಿವೃತ್ತ ಹೆಡ್‌ಮಾಸ್ತರರ ಮಗ, ಪ್ಲಾಟು ಮಾರುವ ವ್ಯವಹಾರ. ಪ್ಲಾಟು ಮಾರದ ದಿನಗಳಲ್ಲಿ ಧರ್ಮ ಕಾಯುತ್ತಿದ್ದ. ಪ್ಲಾಟಿನ ಧಂದೆ ಇತ್ತೀಚೆಗೆ ಬಿದ್ದಿದ್ದರಿಂದ ಧರ್ಮದ ಕಾವಲು ಭಾಳ ಬಿಗಿಯಾಗಿತ್ತು. 'ಸಂಸ್ಕೃತಿ ಕಾವಲು ಪಡೆ' ಎಂದು ಅವನ ಗುಂಪಿನ ಹೆಸರು. ಅವನು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾರೋ ಕನ್ನಡಕದವನು, ಬಳೆ ಇಡುವ ನೆಪದಲ್ಲಿ ನಮ್ಮ ಹೆಣ್ಣುಮಕ್ಕಳ ಕೈಯ ನರ ಹಿಚುಕಿ ಬುದ್ಧಿ ಬದಲಿಸುವ ದೊಡ್ಡ ಸಂಚು ನಡೆದಿದೆ ಎಂದು ಸಾರುತ್ತಿದ್ದ.

ಮಡಿವಾಳಯ್ಯ ವಿಡಿಯೋವನ್ನು ಎರಡು ಸಲ ನೋಡಿ ಒಪ್ಪಿಕೊಂಡರು. ತಮ್ಮ ಮನೆಯಾಕೆ ಗುರುಲಿಂಗಮ್ಮ ಇಷ್ಟು ವರ್ಷ ಜಬೀನಾಳ ಕೈಯಿಂದಲೇ ಬಳೆ ಇಡಿಸಿಕೊಂಡಿದ್ದಾಳೆ, ಬುದ್ಧಿ ಯಾವ ಕಡೆಗಾದರೂ ಸರಿ, ಸ್ವಲ್ಪ ಬದಲಾದೀತೆಂದು ತಾವೂ ಕಾಯುತ್ತಿದ್ದೇವೆ ಎಂದರು. ಅಂಗಡಿಗೆ ಅಂಟಿದ ಮನೆಯೊಳಗಿನಿಂದ ಗುರುಲಿಂಗಮ್ಮನವರ ಕೆಮ್ಮು ಕೇಳಿಸಿತು. ಸಂತೋಷಕುಮಾರ ನಗಲಿಲ್ಲ. ಶ್ರಾವಣಕ್ಕೆ ಮುಂಚೆ ಕಟ್ಟೆ ಖಾಲಿಯಾಗಬೇಕು, ಇಲ್ಲವಾದರೆ ಹುಡುಗರು ಮಾತು ಕೇಳುವುದಿಲ್ಲ ಎಂದು ಹೇಳಿ ಹೋದ.

ಅದೇ ವಾರ ಜಿಲಾನಿ ಬಂದ. ಜಬೀನಾಳ ಅಣ್ಣನ ಮಗ. ಎದುರಿನ ಸಾಲಿನಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಅವನೂ ಒಂದು ವಿಡಿಯೋ ತೋರಿಸಿದ. ಅದರಲ್ಲಿ ಬೇರೆ ಕನ್ನಡಕದವನು. ತನ್ನ ಫೂಫಿ, ಅಂದರೆ ಸೋದರತ್ತೆ, ಕುಂಕುಮದ ತಟ್ಟೆಯ ಮುಂದೆ ಕೂರುವುದು, ಹೆಂಗಸರು ಅವಳ ಕಾಲಿಗೆ ಬಾಗುವುದು, ಅವಳು ಅವರ ಅಕ್ಕಿ ತರುವುದು, ಎಲ್ಲವೂ ದೊಡ್ಡ ಪಾಪ. ಮನುಷ್ಯರು ಮನುಷ್ಯರಿಗೆ ಬಾಗಬಾರದು. ಅವಳನ್ನು ಕಟ್ಟೆಯಿಂದ ಎಬ್ಬಿಸಿ ಚಾಚಾ ಎಂದ. ಮಡಿವಾಳಯ್ಯ ಇದನ್ನೂ ಒಪ್ಪಿಕೊಂಡರು. ಅವರ ಕಣ್ಣಿಗೆ ಬಿದ್ದದ್ದು ಮಾತ್ರ ಬೇರೆ: ಸಂತೋಷಕುಮಾರನ ಫೋನಿಗೆ ಗಾಜು ಹಾಕಿಕೊಟ್ಟವನು ಈ ಜಿಲಾನಿಯೇ. ಇವನು ಒರೆಸಿ ಕೊಟ್ಟ ಗಾಜಿನ ಮೇಲೆ ಅವನು ಇವನನ್ನೇ ಬೈಯುವ ಸಂದೇಶಗಳನ್ನು ಊರಿಗೆಲ್ಲ ಕಳಿಸುತ್ತಿದ್ದ.

ಇದೆಲ್ಲ ನಗೆಯಾಗಿಯೇ ಉಳಿಯುತ್ತಿತ್ತೇನೋ. ಒಂದು ಬೆಳಗ್ಗೆ ಮಡಿವಾಳಯ್ಯ ಅಂಗಡಿ ತೆರೆಯಲು ಬಂದಾಗ ಕಟ್ಟೆಯ ಪಕ್ಕದ ಬಳೆ ಸ್ಟ್ಯಾಂಡು ಪುಡಿಯಾಗಿತ್ತು. ಮೇಲೆ ಒಂದು ಕಲ್ಲು, ಅದೂ ಶಹಾಬಾದದ್ದೇ. ಕೆಂಪು, ಹಸಿರು, ಹಳದಿ ಚೂರುಗಳು ಫರಸಿಯ ತುಂಬ. ಎಸೆದವರು ಯಾರೋ ಗೊತ್ತಾಗಲಿಲ್ಲ. ಇವರನ್ನು ಕೇಳಿದರೆ ಅವರು ಎಂದರು, ಅವರನ್ನು ಕೇಳಿದರೆ ಇವರು ಎಂದರು. ಜಬೀನಾ ಬಂದಳು, ನೋಡಿದಳು, ಸೆರಗು ಸಿಕ್ಕಿಸಿ ಚೂರುಗಳನ್ನೆಲ್ಲ ಗುಡಿಸಿ ಮೊರಕ್ಕೆ ತುಂಬಿ ಚೆಲ್ಲಿ ಬಂದಳು. ಆಮೇಲೆ ಚಾಪೆ ಸುತ್ತಿ ಬಗಲಲ್ಲಿ ಇಟ್ಟುಕೊಂಡಳು.

"ಬರ್ತೀನ್ರಿ ಅಯ್ಯನೋರೆ," ಎಂದಳು. ಮರುದಿನ ಬರಲಿಲ್ಲ.

ಅಂದು ಊಟಕ್ಕೆ ಕೂತಾಗ ಗುರುಲಿಂಗಮ್ಮ ರೊಟ್ಟಿ ಹಾಕುತ್ತ, ಇಡೀ ಊರನ್ನು ಚೇಷ್ಟೆ ಮಾಡಿದ ಬಾಯಿಗೆ ಈಗೇನಾಗಿದೆ ಎಂದು ಕೇಳಿದರು. ಆ ಹೆಣ್ಣುಮಗಳು ಶ್ರಾವಣ ತಪ್ಪಿಸಿಕೊಂಡರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದರು. ಮಡಿವಾಳಯ್ಯ ರೊಟ್ಟಿ ಮುರಿಯುತ್ತ, ನನ್ನ ಕೈಯಲ್ಲಿ ಲಾಠಿ ಇಲ್ಲ, ಕುರ್ಚಿ ಇಲ್ಲ, ಇರುವುದು ಇದೊಂದು ನಾಲಿಗೆ ಎಂದರು. ಹಾಗಾದರೆ ಅದನ್ನಾದರೂ ಅಲ್ಲಾಡಿಸಿ ಎಂದು ಗುರುಲಿಂಗಮ್ಮ ಪುಂಡಿಪಲ್ಯದ ಬಟ್ಟಲು ಮುಂದೆ ತಳ್ಳಿದರು.

ಮರುದಿನ ಮಡಿವಾಳಯ್ಯ ಸಂತೋಷಕುಮಾರನಿಗೆ ಹೇಳಿಕಳಿಸಿದರು: ಕಟ್ಟೆ ಖಾಲಿಯಾಗಿದೆ, ಧರ್ಮ ಗೆದ್ದಿದೆ, ಇನ್ನು ಬಳೆ ಇಡಲು ನಿಮ್ಮವರನ್ನು ಕಳಿಸಿ. ಹಿಂದೂ ಬಳೆಗಾರರೊಬ್ಬರು ಇದ್ದರು ನಿಜ, ಅವರ ಕಣ್ಣಿಗೆ ಪೊರೆ ಬಂದು ಮಕ್ಕಳು ಟಂಟಂ ಆಟೋ ಹೊಡೆಯತೊಡಗಿ ಬಹಳ ಕಾಲವಾಗಿತ್ತು. ಪಡೆಯವರು ಹುಡುಕಿ ಹುಡುಕಿ, ಮಾನ ಉಳಿಸಿಕೊಳ್ಳಲು ಅಣವೀರ ಎಂಬ ಸ್ವಯಂಸೇವಕನನ್ನೇ ಕಳಿಸಿದರು. ಜಿಮ್ಮಿನ ಹುಡುಗ. ತೋಳು ಒಂದೊಂದೂ ತೊಗರಿ ಚೀಲ. ಅವನು ಕಟ್ಟೆಯ ಮೇಲೆ ಬಳೆ ಡಬ್ಬಿಗಳ ನಡುವೆ ಕೂತ ಚಂದ ನೋಡಲು ಬಂದವರೇ ಹೆಚ್ಚು. ಕೈ ಚಾಚಿದವಳು ಒಬ್ಬಳೇ, ತರಕಾರಿ ಮಾರುವ ಭೀಮಬಾಯಿ. ಹಲ್ಲಿಲ್ಲದ ಮುದುಕಿ, ಅವಳಿಗೆ ಬಳೆಗಿಂತ ತಮಾಷೆ ಬೇಕಿತ್ತು.

"ಇಡು ಮಗನ, ನಾಚಬ್ಯಾಡ. ನನ್ನ ಗಂಡ ಸತ್ತ ಮ್ಯಾಲ ಗಂಡಸರು ನನ್ನ ಕೈ ಹಿಡಿದದ್ದೇ ಇಲ್ಲ," ಎಂದಳು ಬಜಾರಿಗೆಲ್ಲ ಕೇಳುವಂತೆ.

ಅಣವೀರ ಕಣ್ಣು ಮುಚ್ಚಿ ಹಿಚುಕಿದ. ಬಳೆಗಳು ಚಟಪಟ ಒಡೆದವು. ಭೀಮಬಾಯಿ ಅವನ ತಲೆ ನೇವರಿಸಿ, ನೀನು ಇಲ್ಲಿ ಕೂತಿರುವುದು ನಿಮ್ಮವ್ವನಿಗೆ ಗೊತ್ತೇನೋ ಎಂದು ಮೆಲ್ಲಗೆ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಅಣವೀರನಿಗೆ ಚಿಂಚೋಳಿಯಲ್ಲಿ ಅರ್ಜೆಂಟ್ ಕೆಲಸ ಬಂತು.

ಆಮೇಲೆ ಮಡಿವಾಳಯ್ಯ ಚಹಾಕ್ಕೆ ಕರೆದರು. ಇಬ್ಬರನ್ನೂ ಕರೆದರು, ಆದರೆ ಒಬ್ಬ ಬರುವುದು ಇನ್ನೊಬ್ಬನಿಗೆ ತಿಳಿಸಲಿಲ್ಲ. ಅದೇ ಖಾಲಿ ಕಟ್ಟೆಯ ಮೇಲೆ ಸಂತೋಷಕುಮಾರನನ್ನು ಒಂದು ತುದಿಗೆ, ಜಿಲಾನಿಯನ್ನು ಇನ್ನೊಂದು ತುದಿಗೆ ಕೂರಿಸಿ ನಡುವೆ ತಾವು ಕೂತರು.

"ಸಂತೋಷಪ್ಪ, ಜಬೀನಾ ಈ ಕಟ್ಟಿ ಮ್ಯಾಲ ಕುಂದ್ರಬಾರದು ಅಂದಿ. ಹೌದಿಲ್ಲೋ?"

"ಹೌದ್ರಿ ಕಾಕಾ."

"ಜಿಲಾನಿ, ನೀ ಏನಂದಿ?"

"ಅದು ನಮ್ಮ ಮನಿ ಮಾತು ಚಾಚಾ."

"ಮನಿ ಮಾತೇ ಹೇಳಪ್ಪ."

"ಕುಂದ್ರಬಾರದು."

"ಅಕಿ ಕುಬಸಕ್ಕ ಹೋಗಬಾರದು ಅಂತಾನ ಇವ. ನೀ?"

"ಹೋಗಬಾರದು."

ಮಡಿವಾಳಯ್ಯ ಎರಡೂ ಕೈಗಳನ್ನು ಇಬ್ಬರ ಹೆಗಲ ಮೇಲೆ ಹಾಕಿದರು. "ನನ್ನ ಆಯುಷ್ಯದಾಗ ಈ ಊರಿನ ಎರಡು ಕೋಮಿನವರು ಇಷ್ಟು ಛಂದ ಕೂಡಿದ್ದು ನಾ ನೋಡಿಲ್ಲ. ಎರಡು ಸಂಘ, ಎರಡು ಝಂಡಾ, ಎರಡು ಮೈಕು ಎದಕ್ಕಬೇಕು? ಒಂದೇ ಮಾಡ್ರಿ. ಅಧ್ಯಕ್ಷ ಒಂದು ವರ್ಷ ಇವ, ಒಂದು ವರ್ಷ ಅವ."

ಜಿಲಾನಿ ಚಹಾದ ಕಪ್ಪಿನೊಳಗೆ ನೋಡುತ್ತ ಕೂತ. ಸಂತೋಷಕುಮಾರನ ಕಿವಿ ಕೆಂಪಾಯಿತು. "ಚೇಷ್ಟಿ ಬ್ಯಾಡ್ರಿ ಕಾಕಾ. ನಮ್ಮ ಕಾರಣ ಬ್ಯಾರೆ, ಅವರ ಕಾರಣ ಬ್ಯಾರೆ."

"ಕಾರಣ ಬ್ಯಾರೆ ಇದ್ರ ಇರ್ಲಿ," ಎಂದರು ಮಡಿವಾಳಯ್ಯ. "ಖಾಲಿ ಆದದ್ದು ಒಂದೇ ಕಟ್ಟಿ."

ಚಹಾ ಮುಗಿಯುವ ಮೊದಲೇ ಇಬ್ಬರೂ ಎದ್ದು ಎರಡು ದಿಕ್ಕಿಗೆ ಹೋದರು. ಎರಡು ದಿನ ಕಳೆದ ಮೇಲೆ ಕಟ್ಟೆಯ ಮೇಲಿನ ಗೋಡೆಗೆ ಅಯ್ಯನವರ ಖರ್ಚಿನಲ್ಲಿ ಒಂದು ಫ್ಲೆಕ್ಸು ಬಿತ್ತು. ಸೇಡಂನಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸು, ತಿಥಿಗೂ ಫ್ಲೆಕ್ಸು. ಹೀಗಾಗಿ ಫೋಟೊಗಳಿಗೆ ಬರವಿರಲಿಲ್ಲ. ಎಡಕ್ಕೆ ಕಪ್ಪು ಕನ್ನಡಕ ಹಾಕಿ ಕೈಮುಗಿದ ಸಂತೋಷಕುಮಾರ, ಬಲಕ್ಕೆ ಈದಿನ ಅಂಗಿಯಲ್ಲಿ ಎದೆಗೆ ಕೈ ಇಟ್ಟ ಜಿಲಾನಿ. ನಡುವೆ ಹೂವು, ಪಾರಿವಾಳ. ಅಕ್ಷರಗಳು ಬಸ್ ಸ್ಟ್ಯಾಂಡಿನಿಂದಲೂ ಓದುವಷ್ಟು ದೊಡ್ಡವು: 'ಜಬೀನಾ ಬಳೆ ಇಡಬಾರದು ಎಂದು ಒಮ್ಮತಕ್ಕೆ ಬಂದ ಈ ಇಬ್ಬರು ನಾಯಕರಿಗೆ ಹಾರ್ದಿಕ ಅಭಿನಂದನೆಗಳು. ಇನ್ನು ಮುಂದೆ ಬಳೆ ಇಡಿಸಿಕೊಳ್ಳುವವರು ಇವರನ್ನೇ ಸಂಪರ್ಕಿಸಿ.' ಕೆಳಗೆ ಇಬ್ಬರ ಮೊಬೈಲ್ ನಂಬರು.

ಮೊದಲ ದಿನ ಫೋನ್ ಮಾಡಿದವರು ಕಿಡಿಗೇಡಿಗಳು. ಎರಡನೆಯ ದಿನದಿಂದ ನಿಜವಾದ ಗಿರಾಕಿಗಳು ಹತ್ತಿದರು. ಚಿಮ್ಮನಚೋಡದ ಒಬ್ಬ ಅಜ್ಜಿ ಮೊಮ್ಮಗಳ ಮದುವೆಗೆ ಎಷ್ಟು ಡಜನ್ ತರುತ್ತೀ ಮಗನೇ ಎಂದು ಜಿಲಾನಿಯನ್ನು ಕೇಳಿ, ಮದುಮಗಳ ಕೈ ದಪ್ಪವೋ ಸಣ್ಣದೋ ಎಂಬುದನ್ನು ವಿವರಿಸತೊಡಗಿದಳು. ಪರಹೆಣ್ಣಿನ ಮುಖ ನೋಡಬಾರದೆಂದು ನೆಲ ನೋಡುತ್ತ ನಡೆಯುತ್ತಿದ್ದ ಹುಡುಗ ದಿನವಿಡೀ ಊರ ಹೆಂಗಸರ ಮಣಿಕಟ್ಟಿನ ಅಳತೆ ಕೇಳಬೇಕಾಯಿತು. ಸಂತೋಷಕುಮಾರನಿಗೆ ಕಲಬುರಗಿಯಿಂದ ಮೇಲಿನವರ ಫೋನ್ ಬಂತು: ಫ್ಲೆಕ್ಸಿನಲ್ಲಿ ನಿನ್ನ ಪಕ್ಕದಲ್ಲಿ ನಿಂತವನು ಯಾರು? ಜಿಲಾನಿಯ ಕಡೆಯ ಹಿರಿಯರದೂ ಅದೇ ಪ್ರಶ್ನೆ. ಹೀಗೆ ಅವರ ಒಮ್ಮತ ಇನ್ನೂ ಒಂದು ವಿಷಯಕ್ಕೆ ಬೆಳೆಯಿತು: ಆ ಫ್ಲೆಕ್ಸು ಇಳಿಯಬೇಕು. ದೂರು ಹೋಗಿ ಠಾಣೆಯ ಜಮಾದಾರರೂ ಬಂದರು. ತಲೆಯೆತ್ತಿ ಎರಡು ಸಲ ಓದಿ, ಇಬ್ಬರು ಕೂಡಿದ್ದಾರೆ ಎಂದು ಅಭಿನಂದನೆ ಹೇಳಿದರೆ ಯಾವ ಕಲಮು ಹಾಕುವುದು ಎಂದು ಗೊಣಗುತ್ತ ಅಲ್ಲೇ ಒಂದು ಕರವಸ್ತ್ರ ಕೊಂಡು ಹೋದರು.

ಮಡಿವಾಳಯ್ಯನವರಿಗೆ ಹೆದರಿಕೆ ಇರಲಿಲ್ಲ ಎಂದಲ್ಲ. ಸ್ಟ್ಯಾಂಡಿಗೆ ಬಿದ್ದ ಕಲ್ಲನ್ನು ಅವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಯಾರಾದರೂ ಕೇಳಿದರೆ ಕಾಗದ ಹಾರದಂತೆ ಇಟ್ಟಿದ್ದೇನೆ ಎನ್ನುತ್ತಿದ್ದರು. ಬೈಕುಗಳು ಗುಂಪಾಗಿ ಅಂಗಡಿಯ ಮುಂದೆ ಹಾದಾಗ ಅವರ ಕೈ ತನ್ನಷ್ಟಕ್ಕೆ ತಾನೇ ಕೊರಳ ಲಿಂಗದ ಕರಡಿಗೆಯ ಮೇಲೆ ಹೋಗುತ್ತಿತ್ತು. ಶಟರ್ ಮಾತ್ರ ಎಂದಿನ ಹೊತ್ತಿಗೇ ತೆರೆಯುತ್ತಿತ್ತು.

ಆಗ ಬಸವೇಶ್ವರಿ ಬಂದರು. ಸಂತೋಷಕುಮಾರನ ತಾಯಿ, ಹೆಡ್‌ಮಾಸ್ತರರ ಹೆಂಡತಿ, ಮಾತು ಕಡಿಮೆಯ ಹೆಂಗಸು. ಅವರ ಮಗಳು ಭಾಗ್ಯಜ್ಯೋತಿಯನ್ನು ಕೊಡ್ಲಿ ಊರಿಗೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ, ಏಳನೆಯ ತಿಂಗಳಿಗೆ ಬಿದ್ದು ಕುಬಸಕ್ಕೆ ತವರಿಗೆ ಬಂದಿದ್ದಳು. ಬಸವೇಶ್ವರಿ ಖಾಲಿ ಕಟ್ಟೆ ನೋಡಿದರು. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಫ್ಲೆಕ್ಸನ್ನು ಮೊದಲಿನಿಂದ ಕಡೆಯ ತನಕ ಓದಿದರು. ನಗಲಿಲ್ಲ. ಫೋನ್ ತೆಗೆದು, ಮಗನ ನಂಬರು ಅದರೊಳಗೇ ಇದ್ದರೂ, ಫ್ಲೆಕ್ಸು ನೋಡಿ ನೋಡಿ ಒಂದೊಂದೇ ಅಂಕಿ ಒತ್ತಿದರು.

"ಬಳಿ ಇಡೋರು ನೀವೇ ಏನ್ರಿ?" ಎಂದು ಕೇಳಿದರು. ಆ ಕಡೆಯಿಂದ ಅವ್ವಾ, ಅವ್ವಾ ಎನ್ನುವುದು ಅಂಗಡಿಯ ಒಳಗೆ ಕೂತ ಮಡಿವಾಳಯ್ಯನವರಿಗೂ ಕೇಳಿಸುತ್ತಿತ್ತು. "ಸೋಮವಾರ ನನ್ನ ಮಗಳ ಕುಬಸ ಅದರಿ. ಹಸರ ಬಳಿ ತಗೊಂಡು ಬರ್ರಿ. ಕೊಡ್ಲಿಯಿಂದ ಬೀಗರು ಬರ್ತಾರ, ಅವರ ಮುಂದ ಕುಂತು ಇಡ್ರಿ. ಇಟ್ಟಾದ ಮ್ಯಾಲ ಅಕಿ ನಿಮ್ಮ ಕಾಲಿಗಿ ಬೀಳ್ತಾಳ. ಏನಂತ ಹರಸಬೇಕು ಕಲ್ತುಕೊಂಡು ಬರ್ರಿ."

ಸಂತೋಷಕುಮಾರ ಬೈಕು ಹತ್ತಿ ಬಂದೇಬಿಟ್ಟ. ತಾಯಿ ಕಟ್ಟೆಯ ಮೇಲೆ ಕೂತಿದ್ದರು. ಇವನು ಸಂಚು, ನರ, ವಿಡಿಯೋ ಎಂದು ಶುರು ಮಾಡಿದ. ಅವರು ಕೈಯೆತ್ತಿ ನಿಲ್ಲಿಸಿದರು.

"ನೀ ಹೊಟ್ಟ್ಯಾಗ ಇದ್ದಾಗ ಇದೇ ಕಟ್ಟಿ ಮ್ಯಾಲಿಂದ ಜಬೀನಾನ ಅವ್ವ ಎದ್ದು ಬಂದು ನನಗ ಬಳಿ ಇಟ್ಟಾಳ. ಕೈ ಹಿಡದು ಕೆಡಸಾಕಿ ಆಗಿದ್ರ ಅವತ್ತೇ ನನ್ನೂ ನಿನ್ನೂ ಕೂಡಿಸಿ ಕೆಡಸತಿದ್ಳು. ನೀ ಕೆಟ್ಟದ್ದು ಫೋನ್ ಬಂದ ಮ್ಯಾಲ. ಹೋಗು, ಅಕಿನ್ನ ಕರಕೊಂಡು ಬಾ."

ಹೋಗುವುದು ಅಷ್ಟು ಸುಲಭವಿರಲಿಲ್ಲ. ಅವನ ಜೊತೆ ಮಡಿವಾಳಯ್ಯನವರೂ ಹೋದರು. ಜಬೀನಾಳ ಮನೆಯಂಗಳದಲ್ಲಿ ಆಗಲೇ ಜಿಲಾನಿ ಇದ್ದ. ಫೋನಿನ ಕಾಟ ತಡೆಯಲಾರದೆ, ನೀನೇ ಹೋಗಿ ಆ ಫ್ಲೆಕ್ಸು ಇಳಿಸಲು ಹೇಳು ಫೂಫಿ ಎಂದು ಬೇಡಲು ಬಂದಿದ್ದ. ಅವಳು ಅವನನ್ನು ಕೆಮ್ಮುತ್ತಿದ್ದ ಅಮೀರ್ ಅಲಿಯ ಬೆನ್ನು ನೀವಲು ಹಚ್ಚಿದ್ದಳು. ಇನ್ನು ಮುಂದೆ ಈ ಮನೆ ನೀನೇ ನಡೆಸು, ನಾನು ಮನೆಯಲ್ಲೇ ಕೂತು ಪುಣ್ಯ ಕಟ್ಟಿಕೊಳ್ಳುತ್ತೇನೆ ಎಂದು ಮಾತ್ರ ಹೇಳಿದ್ದಳಂತೆ. ಜಿಲಾನಿ ನೀವುತ್ತಲೇ ಇದ್ದ.

ಮಡಿವಾಳಯ್ಯ ಅಂಗಳದಲ್ಲಿ ನಿಂತು ಗೆದ್ದ ಮುಖ ಮಾಡಿಕೊಂಡು, ಬಾ ತಾಯಿ, ಕಟ್ಟೆ ಕಾಯುತ್ತಿದೆ ಎಂದರು. ಹೊಗಳಿಕೆ ಬರುತ್ತದೆಂದೇ ಅವರ ಎಣಿಕೆ. ಜಬೀನಾ ಅಕ್ಕಿ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

"ಅಯ್ಯನೋರೆ, ನನ್ನ ಹೆಸರು ಅಷ್ಟು ದೊಡ್ಡದಾಗಿ ಬರಸೀರಿ. ನನ್ನ ಒಂದು ಮಾತು ಕೇಳಿದ್ರೇನು?"

ಮಡಿವಾಳಯ್ಯ ಬಾಯಿ ತೆರೆದರು.

"ಮಂದಿ ನಕ್ಕರು. ನೀವೂ ನಕ್ಕೀರಿ. ಹಾಲು ತರ್ಲಿಕ್ಕ ಹೋದ್ರ ನನ್ನ ನೋಡಿನೂ ನಗಾಕತ್ತಾರ. ಕಲ್ಲು ಹೊಡದವರು ನನ್ನ ಕೇಳಲಿಲ್ಲ. ನಗಿಸಿದವರೂ ಕೇಳಲಿಲ್ಲ."

ಸೇಡಂ ಬಜಾರಿನಲ್ಲಿ ಯಾರೂ ಕಾಣದ್ದನ್ನು ಆ ದಿನ ಸಂತೋಷಕುಮಾರ, ಜಿಲಾನಿ ಇಬ್ಬರೂ ಕಂಡರು. ಮಡಿವಾಳಯ್ಯ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡು, "ಖರೇ ಅದ ನೋಡವ್ವ," ಎಂದರು. ಈ ಸಲ ಅದರಲ್ಲಿ ಚೇಷ್ಟೆ ಇರಲಿಲ್ಲ.

ಜಬೀನಾ ಮೊರದ ಅಕ್ಕಿಯನ್ನು ಡಬ್ಬಿಗೆ ಸುರಿದಳು. ಆಮೇಲೆ, ಬರುತ್ತೇನೆ, ಆದರೆ ಆ ಫ್ಲೆಕ್ಸು ನನಗೆ ಬೇಕು ಎಂದಳು. ಹರಿದು ಒಲೆಗೆ ಹಾಕುತ್ತಾಳೆ ಎಂದು ಮೂವರೂ ಅಂದುಕೊಂಡರು, ಇಬ್ಬರಿಗಂತೂ ಜೀವ ಬಂತು. ಬಜಾರಿಗೆ ಬಂದ ಮೇಲೆ ಅವಳು ಹುಡುಗರಿಬ್ಬರಿಗೂ ಅದನ್ನು ಬಿಚ್ಚಲು ಹೇಳಿ, ಕಟ್ಟೆಯ ಮೇಲೆ ಚಪ್ಪರದಂತೆ ಅಡ್ಡ ಹಿಡಿಸಿ, ಒಂದೊಂದು ತುದಿ ಒಬ್ಬೊಬ್ಬರಿಂದ ಹಗ್ಗ ಹಾಕಿ ಕಟ್ಟಿಸಿದಳು. ಶ್ರಾವಣವೆಂದರೆ ಜಿಟಿಜಿಟಿ ಮಳೆ, ಇಷ್ಟು ವರ್ಷ ಅಯ್ಯನವರು ಆ ಕಟ್ಟೆಗೆ ಒಂದು ತಗಡನ್ನೂ ಹಾಕಿಸಿರಲಿಲ್ಲ. ಬಿಳಿ ಬೆನ್ನು ಆಕಾಶಕ್ಕೆ, ಮುಖಗಳು ಕೆಳಕ್ಕೆ. ತನ್ನ ಹೆಸರಿದ್ದ ಸಾಲನ್ನು ಮಾತ್ರ ಒಳಕ್ಕೆ ಮಡಚಿ ಹೊಲಿಸಿದಳು. ಬೀದಿಯಲ್ಲಿ ಹೋಗುವವರಿಗೆ ಈಗ ಏನೂ ಕಾಣುತ್ತಿರಲಿಲ್ಲ, ಆದ್ದರಿಂದ ಮೇಲಿನವರಿಂದ ಫೋನ್ ಬರುವುದೂ ನಿಂತಿತು.

ಸೋಮವಾರ ಕುಬಸವಾಯಿತು. ಬಳೆಯ ಡಬ್ಬಿ ಹಿಡಿದ ಜಬೀನಾಳನ್ನು ಸಂತೋಷಕುಮಾರನೇ ಆಟೋದಲ್ಲಿ ಕೂರಿಸಿಕೊಂಡು ಹೋದ. ಭಾಗ್ಯಜ್ಯೋತಿ ಬಾಗಿದಳು, ಜಬೀನಾ ಹರಸಿದಳು. ಅವಳು ಮನೆಗೆ ತಂದ ಅಕ್ಕಿಯನ್ನು ಜಿಲಾನಿ ನೋಡಿದ, ನೋಡಿ ತನ್ನ ಅಂಗಡಿಗೆ ಹೋದ. ಸಂತೋಷಕುಮಾರ ಈಗಲೂ ಸಂದೇಶ ಕಳಿಸುತ್ತಾನೆ, ಆದರೆ ಅವು ದೂರದ ಊರಿನ ಸಂಚುಗಳು. ಸೇಡಂನಲ್ಲಿ ಅವನಿಗೆ ಸದ್ಯಕ್ಕೆ ಯಾವ ಸಂಚೂ ಕಾಣುತ್ತಿಲ್ಲ.

ಶ್ರಾವಣದಲ್ಲಿ ಕಟ್ಟೆ ತುಂಬಿತು. ಒಬ್ಬೊಬ್ಬಳೂ ಕೈ ಕೊಟ್ಟು ಕೂರುತ್ತಾಳೆ, ಜಬೀನಾ ಗೆಣ್ಣು ಹಿಚುಕುತ್ತಾಳೆ, ನೋವಿಗೆ ಹೆಂಗಸಿನ ಮುಖ ಮೇಲೇಳುತ್ತದೆ. ಮೇಲೆ ಕಪ್ಪು ಕನ್ನಡಕದ ಸಂತೋಷಕುಮಾರ ಕೈಮುಗಿದಿರುತ್ತಾನೆ, ಪಕ್ಕದಲ್ಲಿ ಜಿಲಾನಿ ಎದೆಗೆ ಕೈ ಇಟ್ಟಿರುತ್ತಾನೆ, ನಡುವೆ ಪಾರಿವಾಳ. ನಗೆ ಬಂದು ಕೈ ಸಡಿಲಾಗುತ್ತದೆ, ಬಳೆ ಒಳಗೆ ಹೋಗುತ್ತದೆ. ಈಗ ಜಬೀನಾ ಯಾರ ಅತ್ತೆಯ ಸುದ್ದಿಯನ್ನೂ ಕೇಳಬೇಕಾಗಿಲ್ಲ.